ಹಳ್ಳಿಯ ಜ್ವರ, ಪಟ್ಟಣದ ಪ್ರಬಂಧ

ಲೋಕದ ಯಾವ ಮೂಲೆಯಲ್ಲಿಯಾದರೂ ವೈದ್ಯವಿದ್ಯಾರ್ಥಿಯೊಬ್ಬನು ವೈರಸ್ ರೋಗಗಳನ್ನು ಕುರಿತ ದೊಡ್ಡ ಗ್ರಂಥವನ್ನು ತೆರೆದನೆಂದರೆ, ಅದರಲ್ಲಿ ನಮ್ಮ ಸೊರಬ ತಾಲ್ಲೂಕಿನ ಒಂದು ಊರಿನ ಹೆಸರು ಅವನ ಕಣ್ಣಿಗೆ ಬೀಳುತ್ತದೆ. ಆ ಊರು ಕ್ಯಾಸನೂರು. ‘ಕ್ಯಾಸನೂರು ಕಾಡಿನ ರೋಗ’ ಎಂಬುದು ಆ ಕಾಯಿಲೆಗೆ ವಿದ್ವಾಂಸರು ಇಟ್ಟ ಹೆಸರು. ನಾವು ಅದನ್ನು ‘ಮಂಗನ ಕಾಯಿಲೆ’ ಎನ್ನುತ್ತೇವೆ. ಊರುಗಳು ತಮ್ಮ ದೇವಾಲಯದಿಂದಲೋ ಕವಿಯಿಂದಲೋ ಹೆಸರುವಾಸಿಯಾಗುವುದುಂಟು. ನಮ್ಮ ನೆರೆಯ ಊರು ಒಂದು ಜ್ವರದಿಂದ ಹೆಸರಾಯಿತು. ಇದರಲ್ಲಿ ಹೆಮ್ಮೆಪಡುವುದೇನೂ ಇಲ್ಲ. ಆದರೆ ಯೋಚಿಸುವುದು ಬಹಳವಿದೆ.

ಕುಪ್ಪಗಡ್ಡೆಯ ಕಡೆಯಿಂದ ಈ ಕಾಲೇಜಿಗೆ ಬಂದಿರುವ ನಾನು ವೈದ್ಯಶಾಸ್ತ್ರವನ್ನು ಓದಿದವನಲ್ಲ, ಕಲಾವಿಭಾಗದ ವಿದ್ಯಾರ್ಥಿ. ಹೀಗಿರಲು ವೈದ್ಯರ ಉನ್ನತ ವ್ಯಾಸಂಗವನ್ನು ಕುರಿತು ಬರೆಯುವ ಅಧಿಕಾರ ನನಗೆಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ನನ್ನ ಉತ್ತರವಿಷ್ಟೆ: ಆ ವ್ಯಾಸಂಗದ ಫಲವನ್ನು ಉಣ್ಣಬೇಕಾದವರು ನಾವು, ಅದು ಸರಿಯಿಲ್ಲದಿದ್ದರೆ ಅದರ ಕೇಡನ್ನು ಅನುಭವಿಸುವವರೂ ನಾವೇ. ಅಡಿಗೆ ಮಾಡಲು ಬಾರದವನಿಗೂ ಅನ್ನ ಬೆಂದಿಲ್ಲವೆಂದು ಹೇಳುವ ಹಕ್ಕು ಇದ್ದೇ ಇದೆ.

ಮೊದಲು ಹಳೆಯ ಕಥೆಯನ್ನು ಸ್ವಲ್ಪ ನೆನೆಯೋಣ. 1957ನೆಯ ಇಸವಿಯಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಯತೊಡಗಿದವು. ಅದೇ ವೇಳೆಗೆ ಸುತ್ತಣ ಹಳ್ಳಿಗಳ ಜನ ಚಳಿಜ್ವರ, ತಲೆನೋವು, ಮೈಕೈ ಮುರಿತಗಳಿಂದ ಮಲಗಿದರು. ಕೆಲವರಿಗೆ ಮೂಗು ಬಾಯಿಗಳಲ್ಲಿ ರಕ್ತ ಬಂತು. ಕೆಲವರು ಏಳಲೇ ಇಲ್ಲ. ಮೊದಲಿಗೆ ಇದನ್ನು ವಿಷಮಶೀತ ಜ್ವರವೆಂದು ಭಾವಿಸಿದರು. ಮಂಗಗಳ ಸಾವಿನ ಸುದ್ದಿ ಸೇರಿದ ಮೇಲೆ, ಭಾರತಕ್ಕೆ ಎಂದೂ ಕಾಲಿಡದ ಹಳದಿ ಜ್ವರವೇ ಬಂದಿತೋ ಏನೋ ಎಂಬ ಭಯ ಹುಟ್ಟಿತು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ಡಾಕ್ಟರ್ ಟೆಲ್ಫರ್ಡ್ ವರ್ಕ್, ಡಾಕ್ಟರ್ ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಈ ಕಾಡಿಗೆ ಬಂದರು. ಸತ್ತ ಮಂಗಗಳಿಂದಲೂ ಜ್ವರಪೀಡಿತರ ರಕ್ತದಿಂದಲೂ ಒಂದು ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಅದು ದಾಯಾದಿಯಾಗಿತ್ತು. ಇಲ್ಲಿಯೂ ಅದನ್ನು ಹೊತ್ತು ತರುವುದು ಕಾಡಿನ ನೆಲದಲ್ಲಿ ತರಗೆಲೆಗಳ ನಡುವೆ ಇರುವ ಉಣುಗು, ಅದರಲ್ಲಿಯೂ ಮುಖ್ಯವಾಗಿ ಅದರ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ ಮರಿ ಎಂಬುದು ಗೊತ್ತಾಯಿತು.

ಇಷ್ಟನ್ನು ಕಂಡುಹಿಡಿದವರು ನಿಸ್ಸಂದೇಹವಾಗಿ ಬುದ್ಧಿವಂತರು. ಆದರೆ ಅವರ ಬುದ್ಧಿಗೆ ದಾರಿ ತೋರಿಸಿದ್ದು ಯಾವುದು? ಕಾಡಿನಲ್ಲಿ ಮಂಗ ಸತ್ತ ಮೇಲೆ ಊರಿನಲ್ಲಿ ಜ್ವರ ಏಳುತ್ತದೆಂಬ ಹಳ್ಳಿಗರ ಅನುಭವ. ಸೌದೆಗೆ ಹೋದವರು, ದನ ಕಾಯುವವರು, ಕೊಟ್ಟಿಗೆಗೆ ಹಾಸಲು ದರಕು ಗುಡಿಸಿ ತರುವ ಹೆಂಗಸರು ಕಂಡಿದ್ದ ಸಂಗತಿಯನ್ನು ವಿಜ್ಞಾನಿಗಳು ಕಿವಿಗೊಟ್ಟು ಕೇಳಿದರು. ಕೇಳಿದ್ದಷ್ಟೇ ಅಲ್ಲ, ಸಾಗರದಲ್ಲಿ ಕ್ಷೇತ್ರಕೇಂದ್ರವನ್ನು ತೆರೆದು ವರ್ಷಗಟ್ಟಲೆ ಇದ್ದರು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದು ಎಣಿಸಿದರು. ಇಲಿ, ಮೂಗಿಲಿ, ಹಕ್ಕಿಗಳನ್ನು ಪರೀಕ್ಷಿಸಿದರು. ಯಾವ ತಿಂಗಳಲ್ಲಿ ಉಣುಗಿನ ಮರಿ ಹೆಚ್ಚು, ಯಾವ ತಿಂಗಳಲ್ಲಿ ಕಡಿಮೆ ಎಂದು ಪಟ್ಟಿ ಹಾಕಿದರು. ಉತ್ತರದಿಂದ ವಲಸೆ ಬರುವ ಹಕ್ಕಿಗಳೇ ಇದನ್ನು ತಂದಿರಬಹುದೆಂಬ ಸಂಶಯದಿಂದ ಸಲೀಂ ಅಲಿಯವರ ಮುಂಬಯಿಯ ಸಂಸ್ಥೆ ಹಕ್ಕಿಗಳ ವಲಸೆಯನ್ನೇ ಅಭ್ಯಾಸ ಮಾಡಿತು. ಆ ಸಂಶಯ ನಿಜವಾಗಲಿಲ್ಲ. ಮನುಷ್ಯನು ಕಾಡನ್ನು ಕಡಿದು ಗದ್ದೆ ತೋಟಗಳನ್ನು ಒತ್ತಿಕೊಂಡು ಹೋದದ್ದು, ಅವನ ದನಕರುಗಳು ಕಾಡಂಚಿನಲ್ಲಿ ಮೇಯ್ದು ಬೆಳೆದ ಉಣುಗುಗಳಿಗೆ ಆಹಾರವಾದದ್ದು, ಇವು ರೋಗದ ಹಬ್ಬುವಿಕೆಗೆ ಮುಖ್ಯ ಕಾರಣಗಳೆಂದು ಮುಂದೆ ವಿದ್ವಾಂಸರು ವಾದಿಸಿದರು.

ಹೀಗೆ ನಮ್ಮ ತಾಲ್ಲೂಕು ಒಂದು ಕಾಲಕ್ಕೆ ಲೋಕಕ್ಕೆಲ್ಲ ಪಾಠಶಾಲೆಯಾಗಿತ್ತು. ಹಿತ್ತಲ ಗಿಡ ಮದ್ದಲ್ಲವೆಂಬುದು ಗಾದೆ. ಹಿತ್ತಲ ಕಾಡು ಪಾಠವಲ್ಲವೆಂಬುದು ನಮ್ಮ ಈಗಿನ ಸ್ಥಿತಿ. ಈ ಶಾಲೆಯಲ್ಲಿ ಓದಲು ನಮ್ಮ ನಾಡಿನ ತರುಣ ವೈದ್ಯರು ಎಷ್ಟು ಮಂದಿ ಬರುತ್ತಾರೆ? ಬಂದವರು ಎಷ್ಟು ದಿನ ಇರುತ್ತಾರೆ? ನನ್ನ ಲೇಖನದ ವಿಷಯವೇ ಇದು.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೇಸಿಗೆಯ ಮೊದಲಲ್ಲಿ ನಮ್ಮ ಸೋದರತ್ತೆಗೆ ಜ್ವರ ಬಂತು. ಎರಡು ದಿನ ಕಷಾಯ ಕುಡಿಸಿ ನೋಡಿದೆವು. ಮೂರನೆಯ ದಿನ ಆಸ್ಪತ್ರೆಗೆ ಕರೆದೊಯ್ದೆವು. ಯಾವ ಆಸ್ಪತ್ರೆಯೆಂಬುದು ಇಲ್ಲಿ ಬೇಡ. ಅಲ್ಲಿದ್ದ ತರುಣ ವೈದ್ಯರು ಒಳ್ಳೆಯವರು, ಸಿಡುಕಲಿಲ್ಲ, ಅವಸರಪಡಲಿಲ್ಲ. “ಎಷ್ಟು ದಿನದಿಂದ ಜ್ವರ ಅಮ್ಮಾ? ವಾಂತಿ ಇದೆಯೇ? ಊಟ ಸೇರುತ್ತದೆಯೇ?” ಎಂದು ಎಲ್ಲವನ್ನೂ ಕೇಳಿದರು. ಕಾಡಿಗೆ ಹೋಗಿದ್ದಿರಾ ಎಂಬ ಒಂದು ಮಾತನ್ನು ಮಾತ್ರ ಕೇಳಲಿಲ್ಲ. ಮಾತ್ರೆ ಕೊಟ್ಟು ಕಳುಹಿಸಿದರು. ಬಾಗಿಲಲ್ಲಿ ನಿಂತಿದ್ದ ನಮ್ಮೂರಿನ ಆಶಾ ಕಾರ್ಯಕರ್ತೆ, “ಅಕ್ಕಾ, ಹೋದ ವಾರ ದರಕಿಗೆ ಹೋಗಿದ್ರಲ್ಲ, ಅಲ್ಲಿ ಮಂಗ ಸತ್ತಿತ್ತು ಅಂದಿದ್ರಲ್ಲ, ಅದನ್ನ ಹೇಳಿದ್ರಾ?” ಎಂದಳು. ಮತ್ತೆ ಒಳಗೆ ಹೋದೆವು. ವೈದ್ಯರ ಮುಖ ಬದಲಾಯಿತು. ಆಗ ರಕ್ತ ತೆಗೆದು ಶಿವಮೊಗ್ಗಕ್ಕೆ ಕಳುಹಿಸಿದರು. ಅತ್ತೆಯನ್ನು ಮಲಗಿಸಿಕೊಂಡು ನೋಡಿದರು. ದೇವರ ದಯದಿಂದ ಅತ್ತೆ ಉಳಿದಳು. ಈ ರೋಗ ಬಂದ ನೂರರಲ್ಲಿ ಮೂವರಿಂದ ಐವರು, ಕೆಲವು ಸಲ ಅದಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಅದಕ್ಕೆಂದೇ ಇರುವ ಮದ್ದು ಇಂದಿಗೂ ಇಲ್ಲ. ಬೇಗನೆ ಗುರುತಿಸಿ, ದೇಹದ ನೀರು ಆರದಂತೆ, ರಕ್ತಸ್ರಾವಕ್ಕೆ ಗಮನಕೊಟ್ಟು ಆರೈಕೆ ಮಾಡುವುದೇ ಚಿಕಿತ್ಸೆ. ಆದ್ದರಿಂದ ಆ ಒಂದು ಪ್ರಶ್ನೆಯ ಬೆಲೆ ಚಿಕ್ಕದಲ್ಲ.

ನಾನು ಆ ವೈದ್ಯರನ್ನು ನಿಂದಿಸುತ್ತಿಲ್ಲ. ಅತ್ತೆಯನ್ನು ನೋಡಿಕೊಂಡಿದ್ದ ದಿನಗಳಲ್ಲಿ ಅವರೇ ನನ್ನೊಡನೆ ಮನಸ್ಸು ಬಿಚ್ಚಿ ಮಾತನಾಡಿದರು. ಅವರು ಊರಿಗೆ ಬಂದು ತಿಂಗಳು ತುಂಬಿರಲಿಲ್ಲ. ಈ ರೋಗದ ಮೇಲೆ ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ಪಡೆದಿದ್ದರು. ಪುಸ್ತಕದಲ್ಲಿದ್ದ ಉಣುಗಿನ ಲ್ಯಾಟಿನ್ ಹೆಸರು ಅವರ ಬಾಯಲ್ಲಿತ್ತು. ಆದರೆ ದರಕು ಎಂದರೆ ಏನು, ಅದನ್ನು ಯಾವ ತಿಂಗಳಲ್ಲಿ ಯಾರು ತರುತ್ತಾರೆ, ಏಕೆ ತರುತ್ತಾರೆ ಎಂಬುದು ಅವರಿಗೆ ತಿಳಿದಿರಲಿಲ್ಲ. ವೈದ್ಯಶಾಸ್ತ್ರ ಆಸ್ಪತ್ರೆಯ ಬಾಗಿಲಿಗೆ ಮುಗಿದಿತ್ತು. ರೋಗ ಮಾತ್ರ ಅಲ್ಲಿಂದಾಚೆ ಕಾಡಿನಲ್ಲಿತ್ತು. ಇವೆರಡನ್ನೂ ಕೂಡಿಸುವ ವಿದ್ಯೆ ಆಶಾ ಕಾರ್ಯಕರ್ತೆಯಲ್ಲಿತ್ತು, ಪದವೀಧರರಲ್ಲಿರಲಿಲ್ಲ.

ಸ್ನಾತಕೋತ್ತರ ಪದವಿಗೆ ಓದುವ ವೈದ್ಯರೆಲ್ಲರೂ ಒಂದು ಸಂಶೋಧನ ಪ್ರಬಂಧವನ್ನು ಬರೆಯಬೇಕೆಂಬ ನಿಯಮವಿದೆ. ನಿಯಮ ಒಳ್ಳೆಯದೆ. ಆದರೆ ಪ್ರಬಂಧದ ವಿಷಯ ಎಲ್ಲಿಂದ ಹುಟ್ಟುತ್ತದೆ? ಓದುವ ಕಾಲೇಜಿನ ಆಸ್ಪತ್ರೆಯ ಹಾಸಿಗೆಗಳ ಮೇಲಿರುವ ರೋಗಿಗಳಿಂದ. ಆ ಹಾಸಿಗೆಯವರೆಗೆ ಬರಲಾರದೆ ದಾರಿಯಲ್ಲಿ ಉಳಿದವನು, ಬಸ್ಸಿಗೆ ಕಾಸಿಲ್ಲದೆ ಮನೆಯಲ್ಲಿ ಮಲಗಿದವನು, ಕೊಯ್ಲು ಮುಗಿಯಲಿ ಎಂದು ಜ್ವರವನ್ನು ತಡೆದುಕೊಂಡವನು ಯಾವ ಪ್ರಬಂಧದ ಲೆಕ್ಕಕ್ಕೂ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದವನಿಗೆ ಯೋಜನೆಯಲ್ಲಿ ಸ್ಥಾನವಿಲ್ಲ.

ಹಾಗಲ್ಲದೆ ಹಳ್ಳಿಗೇ ಹೋಗಿ ಕೇಳಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಆದ್ದರಿಂದ ಮನೆಮನೆಗೆ ಹೋಗಿ ಅವರನ್ನು ಹುಡುಕಬೇಕೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನೇ ಕಂಡು ವಿಚಾರಿಸಿ, 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲನ್ನು ತಟ್ಟಿ ಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಸೀಸೆ. ಅಂದಮೇಲೆ ಅಜ್ಞಾನ ಯಾರದು? ದೇಶದ ಕ್ಷಯರೋಗ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಯಬೇಕೆಂಬ ವಿಚಾರಕ್ಕೆ ಇಂತಹ ಅಭ್ಯಾಸಗಳು ಬಲಕೊಟ್ಟವು. ಹಳ್ಳಿಗನನ್ನು ಒಂದು ಪ್ರಶ್ನೆ ಕೇಳಿದ್ದರಿಂದ ಇಡೀ ದೇಶದ ಆಲೋಚನೆ ತಿರುಗಿತೆಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ಮಂಗನ ಕಾಯಿಲೆಯ ಲಸಿಕೆಯ ಕಥೆಯನ್ನೂ ನೋಡಿ. 1990ರಿಂದ ಈಚೆಗೆ ನಮ್ಮ ಭಾಗದ ಹಳ್ಳಿಗಳಲ್ಲಿ ಇದಕ್ಕೆ ಲಸಿಕೆ ಹಾಕಲಾಗುತ್ತಿತ್ತು. ಅದು ಎಷ್ಟರಮಟ್ಟಿಗೆ ಕಾಪಾಡುತ್ತಿದೆ? ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯದ ವೈದ್ಯರೂ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರೂ ಕೂಡಿ 2005ರಿಂದ 2010ರವರೆಗಿನ ಲೆಕ್ಕಗಳನ್ನು ತೆಗೆದು ಪರಿಶೀಲಿಸಿದರು. 2013ರಲ್ಲಿ ಅದು ಅಚ್ಚಾಯಿತು. ಎರಡು ಸಲ ಚುಚ್ಚಿಸಿಕೊಂಡವರಲ್ಲಿ ಅದರ ಪರಿಣಾಮ ಶೇಕಡಾ 62. ಬಳಿಕ ಮತ್ತೊಂದು ಸಲ ಹಾಕಿಸಿಕೊಂಡವರಲ್ಲಿ ಶೇಕಡಾ 83. ಹಾಕಿಸಿಕೊಳ್ಳಬೇಕಾದವರಲ್ಲಿ ಬಹಳ ಮಂದಿ ಹಾಕಿಸಿಕೊಂಡಿರಲೇ ಇಲ್ಲ. ಈಚಿನ ವರ್ಷಗಳಲ್ಲಿ ಆ ಹಳೆಯ ಲಸಿಕೆಯನ್ನು ನಿಲ್ಲಿಸಲಾಗಿದೆ. ಹೊಸದರ ಶೋಧನೆ ನಡೆದಿದೆ. ಅಮೂಲ್ಯ ಯಂತ್ರಗಳಿಂದಲ್ಲ, ನಮ್ಮ ಜಿಲ್ಲೆಯ ದಫ್ತರಗಳನ್ನು ಶ್ರದ್ಧೆಯಿಂದ ತಿರುವಿದ್ದರಿಂದ ಈ ಸತ್ಯ ಹೊರಬಿತ್ತು ಎಂಬುದನ್ನು ನಾವು ಮರೆಯಬಾರದು. ಇಂತಹ ಕೆಲಸವನ್ನು ತಾಲ್ಲೂಕಿನಲ್ಲಿರುವ ಯಾವ ತರುಣ ವೈದ್ಯರಾದರೂ ಮಾಡಬಹುದು, ಮಾಡಲು ಸಮಯವನ್ನೂ ಮಾರ್ಗದರ್ಶಕರನ್ನೂ ಒದಗಿಸಿದರೆ.

ಸರ್ಕಾರ ಈ ದಿಕ್ಕಿನಲ್ಲಿ ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2020ರ ನಿಯಮದಂತೆ ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳು ತಮ್ಮ ವ್ಯಾಸಂಗದ ಅವಧಿಯಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಸ್ವಾಗತಾರ್ಹವಾದ ಹೆಜ್ಜೆ. ಆದರೆ ಮೂರು ತಿಂಗಳಲ್ಲಿ ಏನನ್ನು ಕಾಣಬಹುದು? ನಮ್ಮ ಉಣುಗಿನ ಕಾಲ ಮಳೆ ನಿಂತ ಮೇಲೆ ನವೆಂಬರ್-ಡಿಸೆಂಬರಿನಲ್ಲಿ ಆರಂಭವಾಗಿ ಮುಂದಿನ ಮುಂಗಾರು ಬೀಳುವ ತನಕ ನಡೆಯುತ್ತದೆ. ಜುಲೈ ತಿಂಗಳಲ್ಲಿ ಬಂದು ಸೆಪ್ಟೆಂಬರಿನಲ್ಲಿ ಹೋಗುವ ವೈದ್ಯರು ಮಂಗನ ಕಾಯಿಲೆಯ ತಾಲ್ಲೂಕಿನಲ್ಲಿ ಇದ್ದು ಹೋದರೂ ಮಂಗನ ಕಾಯಿಲೆಯನ್ನು ನೋಡಿರುವುದಿಲ್ಲ. ನಾಟಿಯ ಹೊತ್ತಿಗೆ ಬಂದವನು ಸುಗ್ಗಿಯನ್ನು ಹೇಗೆ ತಿಳಿದಾನು? ಹಳ್ಳಿಯ ಆರೋಗ್ಯ ಋತುಮಾನದೊಂದಿಗೆ ತಿರುಗುವ ಚಕ್ರ. ಒಂದು ಸುತ್ತನ್ನಾದರೂ ಪೂರ್ತಿಯಾಗಿ ನೋಡದೆ ಅದನ್ನು ಅರಿಯುವುದು ಸಾಧ್ಯವಿಲ್ಲ.

ಆದ್ದರಿಂದ ನನ್ನ ಅಲ್ಪಮತಿಗೆ ತೋರುವ ಕೆಲವು ಸಲಹೆಗಳನ್ನು ವಿದ್ವಜ್ಜನರ ಮುಂದಿಡುತ್ತೇನೆ. ಮೊದಲನೆಯದು, ಗ್ರಾಮಾರೋಗ್ಯವನ್ನೇ ವಿಷಯವಾಗಿ ಆರಿಸಿಕೊಳ್ಳುವ ಸ್ನಾತಕೋತ್ತರ ವಿದ್ಯಾರ್ಥಿಗೆ ಮೂರು ತಿಂಗಳ ಬದಲು ಪೂರ್ತಿ ಒಂದು ವರ್ಷ ತಾಲ್ಲೂಕಿನಲ್ಲಿರಲು ಅವಕಾಶ ಬೇಕು. ಆ ವರ್ಷ ಅವನ ಪ್ರಬಂಧದ ವರ್ಷವೂ ಆಗಬೇಕು. ಎರಡನೆಯದು, ಈ ಉನ್ನತ ವ್ಯಾಸಂಗ ವೈದ್ಯರಿಗೆ ಮಾತ್ರ ಮೀಸಲಾಗಬಾರದು. ಹತ್ತಾರು ವರ್ಷ ಹಳ್ಳಿ ಹಳ್ಳಿ ತಿರುಗಿದ ದಾದಿಯರು, ಆರೋಗ್ಯ ಸಹಾಯಕರು, ಪಶುವೈದ್ಯರು ಇವರಿಗೂ ಕೆಲಸ ಬಿಡದೆ ಓದಿ ಸಂಶೋಧನೆ ನಡೆಸುವ ದಾರಿ ತೆರೆಯಬೇಕು. ಮಂಗ ಸತ್ತದ್ದನ್ನು ಅರಣ್ಯ ಇಲಾಖೆಯವರು ನೋಡುತ್ತಾರೆ, ದನದ ಮೈಮೇಲಿನ ಉಣುಗನ್ನು ಪಶುವೈದ್ಯರು ನೋಡುತ್ತಾರೆ, ಜ್ವರವನ್ನು ಡಾಕ್ಟರು ನೋಡುತ್ತಾರೆ. ಈ ಮೂವರೂ ಒಂದೆಡೆ ಕೂತು ನೋಡದಿದ್ದರೆ ರೋಗವನ್ನು ಯಾರೂ ನೋಡಿದಂತಾಗುವುದಿಲ್ಲ. ಮೂರನೆಯದು, ಸಂಶೋಧನೆಯ ಪ್ರಶ್ನೆಗಳಲ್ಲಿ ಒಂದಾದರೂ ಊರಿನವರು ಕೇಳಿದ ಪ್ರಶ್ನೆಯಾಗಿರಬೇಕು. ಕಾಡಿಗೆ ಹೋಗುವಾಗ ಹಚ್ಚಿಕೊಳ್ಳಿರೆಂದು ಎಣ್ಣೆಯ ಸೀಸೆಯನ್ನು ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಗೂಡಿನಲ್ಲಿ ಹಾಗೆಯೇ ಇರುತ್ತದೆ. ಏಕೆ ಹಚ್ಚಿಕೊಳ್ಳುವುದಿಲ್ಲ? ಇದೊಂದು ಪ್ರಬಂಧಕ್ಕೆ ಸಾಲದ ವಿಷಯವೆ? ನಾಲ್ಕನೆಯದು, ಕಂಡುಕೊಂಡ ಫಲವನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ ಹೇಳಿದ ಹೊರತು ಪದವಿಯನ್ನು ಕೊಡಬಾರದು.

ಈ ಕೊನೆಯ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ನಮ್ಮೂರಿನ ಹಿರಿಯರೊಬ್ಬರು ಒಮ್ಮೆ ಹೀಗೆಂದರು: “ನೋಡು ತಮ್ಮಾ, ನಮ್ಮ ನೆತ್ತರು ತಗೊಂಡು ಹೋದೋರು ಎಷ್ಟೋ ಜನ. ಅದರಾಗೆ ಏನು ಸಿಕ್ತು ಅಂತ ಹೇಳೋಕೆ ತಿರುಗಿ ಬಂದೋರು ಒಬ್ಬರೂ ಇಲ್ಲ.” ಆ ಮಾತಿನಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಕಾಯಿಲೆಯನ್ನು ನೆನೆಯಿರಿ. 1970ರ ದಶಕದಲ್ಲಿ ಅದು ಬೆಳಕಿಗೆ ಬಂತು. ಬಡ ದಲಿತ ಕುಟುಂಬಗಳಲ್ಲಿ ಸೊಂಟ ಮಂಡಿಗಳ ಕೀಲು ಸವೆದು ನಡೆಯಲಾರದಂತಾಗುವ ರೋಗ. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಗಳ ಮೂಲಕ ಹೊಟ್ಟೆ ಸೇರಿ ಹೀಗಾಯಿತೆಂದು ಮೊದಲು ಶಂಕಿಸಿದರು. ಅದು ವಂಶದಲ್ಲಿ ಹರಿದು ಬರುವ ದೋಷವೆಂದು ಮುಂದಿನ ಅಭ್ಯಾಸಗಳು ಹೇಳಿದವು. ವಿದ್ವಾಂಸರ ಸಂಶಯ ಪರಿಹಾರವಾಯಿತು. ಆದರೆ ನಡೆಯಲಾರದವನಿಗೆ ಊರುಗೋಲು, ಜೀವನೋಪಾಯ, ಮಕ್ಕಳ ಮದುವೆಯ ಚಿಂತೆ ಇವು ಪರಿಹಾರವಾಗುವುದು ವಿದ್ವತ್ಪತ್ರಿಕೆಯ ಲೇಖನದಿಂದಲ್ಲ. ಸಂಶೋಧನೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಸೇವೆ ಆರಂಭವಾಗಬೇಕು. ಇಲ್ಲವಾದರೆ ಹಳ್ಳಿಗನು ಮನುಷ್ಯನಾಗಿ ಉಳಿಯದೆ ಬರಿಯ ಮಾದರಿಯಾಗುತ್ತಾನೆ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. “ಹಳ್ಳಿಗೆ ಮೊದಲು ಬೇಕಾದದ್ದು ಡಾಕ್ಟರು, ಸಂಶೋಧಕರಲ್ಲ” ಎಂದು ಕೆಲವರು ಹೇಳುತ್ತಾರೆ. ನಮ್ಮ ಅಧ್ಯಾಪಕರೊಬ್ಬರೂ ಈ ಲೇಖನದ ವಿಷಯವನ್ನು ಕೇಳಿ ಹೀಗೆಯೇ ಎಂದರು. ಮಾತು ತೂಕದ್ದು. ಚಿಕಿತ್ಸೆ ಮಾಡುವವರೇ ಇಲ್ಲದ ಕಡೆ ಪ್ರಶ್ನಾವಳಿ ಹಿಡಿದು ಹೋಗುವುದು ಹಸಿದವನ ಮುಂದೆ ಪಾಕಶಾಸ್ತ್ರ ಓದಿದಂತೆ. ಆದರೆ ನಾನು ಕೇಳುತ್ತಿರುವುದು ಚಿಕಿತ್ಸೆಯನ್ನು ಬಿಟ್ಟು ಸಂಶೋಧನೆಯಲ್ಲ. ಚಿಕಿತ್ಸೆ ಮಾಡುತ್ತಲೇ ಕಣ್ಣು ತೆರೆದು ನೋಡುವ, ನೋಡಿದ್ದನ್ನು ಬರೆದಿಡುವ ವಿದ್ಯೆ. ಅಲ್ಲದೆ, ಡಾಕ್ಟರು ಹಳ್ಳಿಯಲ್ಲಿ ನಿಲ್ಲದಿರುವುದಕ್ಕೆ ಒಂದು ಕಾರಣ, ಅಲ್ಲಿದ್ದರೆ ತಮ್ಮ ವಿದ್ಯೆ ತುಕ್ಕು ಹಿಡಿಯುತ್ತದೆಂಬ ಅಂಜಿಕೆ. ಹಳ್ಳಿಯಲ್ಲಿರುವುದೇ ವಿದ್ಯೆಯ ಮುಂದಿನ ಮೆಟ್ಟಿಲಾಗುವುದಾದರೆ ಆ ಅಂಜಿಕೆಗೆ ಎಡೆಯೆಲ್ಲಿ?

ಈ ರೋಗ ಹಳೆಯ ಕಥೆಯೆಂದು ಯಾರೂ ತಿಳಿಯಬಾರದು. ಮೊದಲಿಗೆ ಸೊರಬ, ಸಾಗರ, ಶಿಕಾರಿಪುರ ತಾಲ್ಲೂಕುಗಳಲ್ಲಿದ್ದದ್ದು ಪಶ್ಚಿಮಘಟ್ಟದ ಉದ್ದಕ್ಕೂ ಸರಿದು, 2012ರ ಬಳಿಕ ಬಂಡೀಪುರ, ವಯನಾಡು, ಗೋವೆ, ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರು ಅದಕ್ಕೆ ಬಲಿಯಾದರು. ಅವರಲ್ಲಿ ಪ್ರತಿಯೊಬ್ಬರೂ ಒಂದು ಮನೆಯ ದೀಪ.

ಕಡೆಯದಾಗಿ ನನ್ನ ಸಹಪಾಠಿಗಳಿಗೆ ಒಂದು ಮಾತು. ಇದು ವೈದ್ಯರ ವಿಷಯವೆಂದು ನಾವು ಪುಟ ಮಗುಚುವುದು ಬೇಡ. ತುಮಕೂರಿನ ಆ ಅಭ್ಯಾಸ ಸಮಾಜಶಾಸ್ತ್ರದ ಅಭ್ಯಾಸವಾಗಿತ್ತು. ಊರಿನವರ ಮಾತನ್ನು ಅವರ ನುಡಿಯಲ್ಲಿಯೇ ಕೇಳಿ ಬರೆಯಬಲ್ಲವರು, ಕಾಡು ಎಲ್ಲಿತ್ತು ಎಲ್ಲಿಗೆ ಸರಿಯಿತು ಎಂದು ಹಳೆಯ ನಕ್ಷೆಯೊಡನೆ ಹೋಲಿಸಬಲ್ಲವರು, ವೈದ್ಯರ ಇಂಗ್ಲಿಷನ್ನು ಅತ್ತೆಗೆ ತಿಳಿಯುವ ಕನ್ನಡಕ್ಕೆ ತರಬಲ್ಲವರು ನಾವು. ಚರಿತ್ರೆ, ಭೂಗೋಳ, ಸಮಾಜಶಾಸ್ತ್ರ, ಕನ್ನಡ ಇವುಗಳನ್ನು ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಇಂತಹ ಹಳ್ಳಿಗಳಿಂದಲೇ ಬಂದವರು. ಬರುವ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಯಾರ್‍ಯಾರು ಯಾವ ತಿಂಗಳಲ್ಲಿ ಕಾಡಿಗೆ ಹೋಗುತ್ತಾರೆ, ಏಕೆ ಹೋಗುತ್ತಾರೆ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ತಂದರೂ, ಊರಿಗೆ ಹೊಸದಾಗಿ ಬರುವ ವೈದ್ಯರ ಮೇಜಿನ ಮೇಲೆ ಇಡಲು ಒಂದು ಒಳ್ಳೆಯ ಪುಸ್ತಕವಾದೀತು.

ಈ ವರ್ಷವೂ ಮಳೆ ನಿಲ್ಲುತ್ತದೆ, ಎಲೆ ಉದುರುತ್ತದೆ, ನಮ್ಮ ಅತ್ತೆ ಬುಟ್ಟಿ ಹಿಡಿದು ದರಕಿಗೆ ಹೊರಡುತ್ತಾಳೆ, ಕೊಟ್ಟಿಗೆ ಇರುವ ತನಕ ಹೊರಡಲೇಬೇಕು. ಅವಳಿಗೆ ಮತ್ತೆ ಜ್ವರ ಬಂದರೆ, ಬಾಗಿಲ ಹೊರಗೆ ಕೇಳಿಬಂದ ಆ ಪ್ರಶ್ನೆ ಬಾಗಿಲ ಒಳಗೇ ಕೇಳಿಬರಲಿ ಎಂಬುದಷ್ಟೇ ನನ್ನ ಬೇಡಿಕೆ.